ಝಾಡೂವಿನ ಕೈಪಿಡಿ

ನನ್ನ ಕೆಲಸ ಏನೆಂದು ಅವ್ವನಿಗೆ ತಿಳಿಯುವ ಹಾಗೆ ಹೇಳಲು ಎಷ್ಟೋ ವರ್ಷ ನನಗೆ ಆಗಿರಲಿಲ್ಲ. ಪುಣೆಯ ಪಕ್ಕದ ಚಿಂಚವಾಡದ ನಮ್ಮ ಕಟ್ಟಡದಲ್ಲಿ ಯಾರಾದರೂ ಕೇಳಿದರೆ ಅವಳು ಮರಾಠಿಯಲ್ಲಿ "ಲಿಹಿತೆ ಕಾಹೀತರಿ" ಅನ್ನುತ್ತಿದ್ದಳು. ಏನೋ ಬರೆಯುತ್ತಾಳೆ ಅಂತ. ಅದು ಸುಳ್ಳೇನೂ ಅಲ್ಲ.

ಹಿಂಜವಾಡಿಯ ಒಂದು ಕಂಪನಿಯಲ್ಲಿ ನಾನು ಕೈಪಿಡಿಗಳನ್ನು ಬರೆಯುತ್ತೇನೆ. ಬೇರೆ ಸಂಸ್ಥೆಗಳ ಸರ್ವರ್‌ಗಳನ್ನು, ಅಂದರೆ ಅವರ ಕಾಗದಪತ್ರ, ಚಿತ್ರ, ದಾಖಲೆಗಳೆಲ್ಲ ತುಂಬಿರುವ ದೊಡ್ಡ ಕಂಪ್ಯೂಟರ್‌ಗಳನ್ನು, ನಮ್ಮ ಕಂಪನಿ ನೋಡಿಕೊಳ್ಳುತ್ತದೆ. ಅದಕ್ಕೆ ಬೇಕಾದ ಸಾಧನಗಳನ್ನು ನಮ್ಮವರೇ ವರ್ಷಗಳ ಕಾಲ ಒಂದೊಂದಾಗಿ ಮಾಡಿಕೊಂಡಿದ್ದಾರೆ. ಪರದೆಯ ಮೇಲೆ ಒಂದು ಶಬ್ದ ಟೈಪ್ ಮಾಡಿ ಎಂಟರ್ ಒತ್ತಿದರೆ ಓಡುವ ಚಿಕ್ಕ ಪ್ರೋಗ್ರಾಂಗಳು ಅವು. ಮೊದಲು ಮಾಡಿದವರು ಮರಾಠಿಯವರಾದ್ದರಿಂದ ಹೆಸರುಗಳೂ ಮರಾಠಿಯವೇ. 'ಬಘ್' ಯಾವ ಸರ್ವರ್ ಹೇಗಿದೆಯೆಂದು ನೋಡಿ ಹೇಳುತ್ತದೆ. 'ಊಠ್' ನಿಂತುಹೋದದ್ದನ್ನು ಎಬ್ಬಿಸುತ್ತದೆ. 'ಝಾಡೂ', ಅಂದರೆ ಪೊರಕೆ, ಹಳೆಯ ಫೈಲುಗಳನ್ನು ಗುಡಿಸಿ ಎಸೆಯುತ್ತದೆ. ಇಂಥವು ಐವತ್ತಕ್ಕಿಂತ ಹೆಚ್ಚಿವೆ. ಪ್ರತಿಯೊಂದಕ್ಕೂ ಒಂದು ಕೈಪಿಡಿ ಇರಬೇಕು ಎಂದು ನಿಯಮ. ಆ ನಿಯಮ ಪಾಲಿಸಲು ನನ್ನನ್ನು ಇಟ್ಟುಕೊಂಡಿದ್ದರು.

ಆದರೆ ಕೈಪಿಡಿಗಳನ್ನು ಯಾರೂ ಓದುತ್ತಿರಲಿಲ್ಲ. ಹೊಸಬರು ಬಂದರೆ ನೇರ ಕಾಕಾ ಅವರ ಮೇಜಿಗೆ ಹೋಗುತ್ತಿದ್ದರು. ಇಡೀ ಆಫೀಸೇ ಅವರನ್ನು ಕಾಕಾ ಅನ್ನುತ್ತಿತ್ತು. ಕಲಬುರ್ಗಿ ಕಡೆಯವರು. ಅವರ ತಂದೆ ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿಯಲು ಬಂದವರಂತೆ. ಕಾಕಾ ಸರ್ವರ್ ಕೋಣೆಯ ಏಸಿ ರಿಪೇರಿಗೆಂದು ನಮ್ಮ ಕಂಪನಿಗೆ ಬಂದು, ಅಲ್ಲೇ ನಿಂತು, ನೋಡಿ ನೋಡಿ ಕಲಿತು, ಆಪರೇಟರ್ ಆದವರು. ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಯಾವ ಸಾಧನ ಯಾವಾಗ ಮುನಿಯುತ್ತದೆ ಎಂಬುದು ಅವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ನಾನು ವಿಜಯಪುರದ ಕಡೆಯವಳು ಎಂದು ತಿಳಿದ ದಿನದಿಂದ ನನ್ನನ್ನು 'ತಂಗಿ' ಎಂದೇ ಕರೆಯುತ್ತಿದ್ದರು.

ಹೋದ ವರ್ಷ ನಮ್ಮ ಮ್ಯಾನೇಜರ್ ಎಲ್ಲರನ್ನೂ ಕೂಡಿಸಿ, ಇನ್ನು ಮುಂದೆ ಈ ಸಾಧನಗಳನ್ನು ಎಐ ಏಜೆಂಟ್‌ಗಳು ಓಡಿಸುತ್ತವೆ ಎಂದು ಹೇಳಿದ. ಆತ ಬೆಂಗಳೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವನು, ಪುಣೆಗೆ ಬಂದು ಎರಡು ವರ್ಷವಾಗಿತ್ತು. ಏಜೆಂಟ್ ಅಂದರೆ ಕೆಲಸ ಹೇಳಿದರೆ ತಾನೇ ಕೈಪಿಡಿ ಓದಿ, ತಾನೇ ಸಾಧನ ಆರಿಸಿಕೊಂಡು, ತಾನೇ ಓಡಿಸುವ ಪ್ರೋಗ್ರಾಂ. ಸಭೆ ಮುಗಿದ ಮೇಲೆ ನನ್ನನ್ನು ಬೇರೆಯಾಗಿ ಕರೆದ.

"ಮೇಡಂ, ಇನ್ಮೇಲೆ ಫುಲ್ ಡಿಪೆಂಡೆನ್ಸಿ ನಿಮ್ಮ ಮೇಲೇನೆ. ಏಜೆಂಟ್‌ಗೆ ಕಾಕಾನ ಕೇಳೋಕಾಗಲ್ಲ. ನೀವು ಬರೆದಿದ್ದೇ ಅದಕ್ಕೆ ಗೊತ್ತಿರೋದು."

ಅಂದು ನನಗೆ ಸಂತೋಷವೇ ಆಯಿತು. ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷಕ್ಕೆ ನನಗೊಬ್ಬ ಓದುಗ ಸಿಕ್ಕಿದ್ದ.

ಹಳೆಯ ಕೈಪಿಡಿಗಳನ್ನೆಲ್ಲ ತೆಗೆದು ಮೊದಲಿನಿಂದ ಓದಲು ಕೂತೆ. ಮೂರನೆಯ ದಿನಕ್ಕೆ ಆ ಸಂತೋಷ ಹೋಗಿ, ಫ್ರಿಜ್ಜಿನ ಮೂಲೆಯಲ್ಲಿ ಮರೆತ ಡಬ್ಬಿ ತೆಗೆದಾಗ ಆಗುವಂಥ ಹೇಸಿಗೆ ಶುರುವಾಯಿತು. ಒಂದು ಕೈಪಿಡಿ ಮತ್ತೊಂದರ ನಕಲು, ಹೆಸರು ಬದಲಾಯಿಸುವುದನ್ನೂ ಮರೆತಿದ್ದಾರೆ. ಒಂದರಲ್ಲಿ 'ವಿವರ ನಂತರ ಸೇರಿಸಲಾಗುವುದು' ಎಂದು ಬರೆದು ಏಳು ವರ್ಷವಾಗಿದೆ. ಇನ್ನೊಂದು, ಕೆಲಸ ಬಿಟ್ಟು ಹೋದವನೊಬ್ಬನಿಗೆ ಫೋನ್ ಮಾಡಿ ಕೇಳಿ ಅನ್ನುತ್ತದೆ. ಎಲ್ಲವೂ ತಪಾಸಣೆಯಾಗಿವೆ, ಎಲ್ಲದರ ಕೆಳಗೂ ಯಾರದೋ ಒಪ್ಪಿಗೆ ಇದೆ. ಯಾರೂ ಓದುವುದಿಲ್ಲ ಎಂದು ಗೊತ್ತಿದ್ದವರು ಮಾತ್ರ ಹೀಗೆ ಬರೆಯಬಲ್ಲರು. ಅರ್ಧಕ್ಕರ್ಧ ನಾನೇ ಬರೆದದ್ದು.

ಕಾಕಾ ಅವರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ದಿನಕ್ಕೆರಡು ಸಾಧನದಂತೆ ಕೇಳಿ ಬರೆದುಕೊಳ್ಳತೊಡಗಿದೆ. ಅವರು ನೇರ ಉತ್ತರ ಕೊಡುವವರಲ್ಲ. ಮೊದಲು ಓಡಿಸಿ ತೋರಿಸುವರು, ಆಮೇಲೆ ಅದು ಯಾವಾಗ ಕೈಕೊಟ್ಟಿತ್ತು ಎಂಬ ಕಥೆ ಹೇಳುವರು. ಝಾಡೂವಿನ ಸರದಿ ಬಂದಾಗ ಅವರು ಕೀಬೋರ್ಡಿನಿಂದ ಕೈ ತೆಗೆದರು.

"ತಂಗಿ, ಇದನ್ನ ಚಂದಾಗಿ ಬರಕೋ. ಝಾಡೂಗ ಎರಡ ಮಾತು ಹೇಳಬೇಕು. ಯಾವ ಗುಂಪಿನ ಸರ್ವರ್, ಎಷ್ಟು ದಿನದ ಹಿಂದಿನ ಫೈಲು. ಗುಂಪಿನ ಹೆಸರು ಬಿಟ್ಟಿ ಅಂದ್ರ ಅದು ನಿನ್ನ ಕೇಳಂಗಿಲ್ಲ. ಹಿಂದಿನ ಸಲ ಯಾರರ ಯಾವ ಗುಂಪಿನ ಮ್ಯಾಲೆ ಓಡಿಸಿರ್ತಾರಲ್ಲ, ಅದನ್ನ ಹಿಡಕೊಂಡು ಗುಡಿಸಿ ಬಿಡ್ತದ."

"ಕೇಳಂಗಿಲ್ಲೇನ್ರಿ? ಅಳಿಸೂಕಿಂತ ಮೊದಲ ಒಮ್ಮೆ ಕೇಳ್ತದ ಅಂತ ಕೈಪಿಡಿಯೊಳಗ ಅದ."

"ಯಾರು ಬರದಾರ?"

ನಾನು ಪರದೆಯ ಮೇಲೆ ಆ ಕೈಪಿಡಿ ತೆರೆದೆ. ಕೆಳಗೆ ನನ್ನ ಹೆಸರಿತ್ತು.

"ನಾನ ಬರದೀನ್ರಿ, ಕಾಕಾ."

ಅವರು ನಕ್ಕರು. ಹಂಗಿಸುವ ನಗುವಲ್ಲ. "ಇರಲಿ ಬಿಡು, ಯಾರು ಓದ್ಯಾರ" ಅಂದರು.

ಆ ಸಾಲು ಹೇಗೆ ಬಂತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಝಾಡೂ ಬರೆದ ಹುಡುಗ ಬೇರೆ ಕಡೆ ನೌಕರಿ ಹಿಡಿದು ಹೊರಟಿದ್ದ. ಚಹಾ ಯಂತ್ರದ ಮುಂದೆ ಕಪ್ಪು ಹಿಡಿದು ನಿಂತವನನ್ನು ನಾನು ಮರಾಠಿಯಲ್ಲಿ, ಅಳಿಸುವ ಮೊದಲು ಕೇಳುತ್ತದಲ್ಲವಾ ಎಂದು ಕೇಳಿದ್ದೆ. "ಹೋ, ಹೋ" ಅಂದಿದ್ದ, ಹೌದು ಹೌದು ಅಂತ. ನಾನು ಹೋಗಿ ಬರೆದಿದ್ದೆ. ಒಮ್ಮೆ ಓಡಿಸಿ ನೋಡಿದ್ದರೆ ಎರಡು ನಿಮಿಷದ ಕೆಲಸ.

"ನಾ ಒಮ್ಮೆ ಇದರ ಪೆಟ್ಟು ತಿಂದೀನಿ" ಎಂದು ಕಾಕಾ ಮುಂದುವರಿಸಿದರು. ಎಷ್ಟೋ ವರ್ಷದ ಹಿಂದೆ ಒಬ್ಬ ಗಿರಾಕಿಯ ಇಡೀ ಫೋಲ್ಡರ್ ಹಾಗೆ ಹಾರಿಹೋಗಿತ್ತಂತೆ. ಅಂದಿನಿಂದ ಅವರು ಗುಂಪಿನ ಹೆಸರನ್ನು ಮೊದಲು ಟೈಪ್ ಮಾಡಿ, ಪರದೆಯ ಮೇಲೆ ಬೆರಳಿಟ್ಟು, ಬಾಯಿಬಿಟ್ಟು ಓದಿ, ಆಮೇಲೆ ಎಂಟರ್ ಒತ್ತುತ್ತಾರೆ. ನನ್ನೆದುರಿಗೂ ಹಾಗೆಯೇ ಮಾಡಿ ತೋರಿಸಿದರು. ಚಿಕ್ಕ ಮಕ್ಕಳು ಪಾಠ ಓದುವ ಹಾಗಿತ್ತು.

ನಾನು ಹೊಸ ಕೈಪಿಡಿಯ ಮೊದಲ ಸಾಲಿನಲ್ಲೇ ಅದನ್ನು ಬರೆದೆ. ಗುಂಪಿನ ಹೆಸರನ್ನು ಎಂದಿಗೂ ಖಾಲಿ ಬಿಡಬಾರದು. ಬಿಟ್ಟರೆ ಇದು ಕೊನೆಯ ಸಲ ಯಾರೋ ಬಳಸಿದ ಗುಂಪಿನ ಫೈಲುಗಳನ್ನು, ಏನನ್ನೂ ಕೇಳದೆ, ಅಳಿಸುತ್ತದೆ. ಈ ಸಲ ಪರೀಕ್ಷೆಗೆಂದು ಇಟ್ಟ ಸರ್ವರ್‌ಗಳ ಮೇಲೆ ನಾನೇ ಓಡಿಸಿಯೂ ನೋಡಿದೆ. ಕಾಕಾ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಎರಡು ತಿಂಗಳಲ್ಲಿ ಐವತ್ತೆರಡು ಕೈಪಿಡಿಗಳಾದವು. ಇಷ್ಟು ನಿಯತ್ತಿನಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಮ್ಯಾನೇಜರ್ ಮೂರು ಪುಟ ತಿರುಗಿಸಿ ಮುಖ ಸಿಂಡರಿಸಿದ.

"ಮೇಡಂ, ಏಜೆಂಟ್‌ಗೆ ಇಷ್ಟು ಸ್ಟೋರಿ ಬೇಡ. ಟೂಲ್ ಏನು ಮಾಡುತ್ತೆ, ಏನು ಕೊಡಬೇಕು, ಏನು ವಾಪಸ್ ಬರುತ್ತೆ, ಅಷ್ಟೇ. ಉದ್ದ ಆದಷ್ಟೂ ಅದಕ್ಕೆ ಕನ್‌ಫ್ಯೂಷನ್. ಇದೆಲ್ಲ ಕಾಕಾ ಕಥೆಗಳು."

"ಈ ಕಥೆಗಳಲ್ಲೇ ಅಪಾಯ ಎಲ್ಲಿದೆ ಅನ್ನೋದಿದೆ" ಎಂದೆ.

"ಇರಲಿ, ನಾನು ಶಾರ್ಟ್ ಮಾಡಿಸ್ತೀನಿ. ನೀವು ಅಪ್ರೂವ್ ಮಾಡಿ ಸಾಕು."

ಆತ ಅದನ್ನು ಇನ್ನೊಂದು ಎಐಗೆ ಕೊಟ್ಟು ಮೊಟಕು ಮಾಡಿಸಿದ. ಏನೂ ಬಿಟ್ಟುಹೋಗಬಾರದೆಂದು, ನನ್ನ ಹೊಸ ಕೈಪಿಡಿಗಳ ಜೊತೆ ಹಳೆಯವನ್ನೂ ಸೇರಿಸಿ ಕೊಟ್ಟಿದ್ದನೆಂದು ನನಗೆ ಆಗ ಗೊತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಐವತ್ತೆರಡೂ ನನ್ನ ಮುಂದೆ ಬಂದವು. ಒಂದೊಂದೂ ಆರೇಳು ಸಾಲು, ಕೆಳಗೆ ಒಪ್ಪಿಗೆಯ ಗುಂಡಿ. ನಾನು ಹತ್ತು ಓದಿದೆ. ಚೆನ್ನಾಗಿಯೇ ಇದ್ದವು, ಭಾಷೆ ನನ್ನದಕ್ಕಿಂತ ನುಣುಪಾಗಿತ್ತು. ಕಂಪನಿಯ ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಅದು ತಪ್ಪಿದರೆ ಹಿಂಜವಾಡಿಯಿಂದ ಚಿಂಚವಾಡ ಸೇರಲು ಎರಡು ತಾಸು. ಉಳಿದ ನಲವತ್ತೆರಡಕ್ಕೂ ಒಂದರ ಹಿಂದೊಂದು ಗುಂಡಿ ಒತ್ತಿ ಚೀಲ ಹಿಡಿದು ಓಡಿದೆ. ಝಾಡೂ ಆ ನಲವತ್ತೆರಡರಲ್ಲಿತ್ತು.

ಮೂರು ವಾರ ಏನೂ ಆಗಲಿಲ್ಲ. ಏಜೆಂಟ್ ಚಂದ ಕೆಲಸ ಮಾಡುತ್ತಿತ್ತು. ಮ್ಯಾನೇಜರ್ ಮೇಲಿನವರಿಗೆ ಕೆಲಸ ಎಷ್ಟು ಬೇಗವಾಗುತ್ತಿದೆ ಎಂಬ ಚಾರ್ಟುಗಳನ್ನು ತೋರಿಸುತ್ತಿದ್ದ. ನಾಲ್ಕನೆಯ ವಾರದ ಒಂದು ಬುಧವಾರ, ಊಟದ ಹೊತ್ತು ಮುಗಿದಿತ್ತು, ಕಾಕಾ ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವರು ಎಂದೂ ನನ್ನ ಮೇಜಿಗೆ ಬರುವವರಲ್ಲ.

"ತಂಗಿ, ಲ್ಯಾಬಿನ ಫೈಲು ಹೋಗ್ಯಾವ."

ಪುಣೆಯ ಸುತ್ತ ಐದಾರು ಶಾಖೆಗಳಿರುವ ಒಂದು ರಕ್ತಪರೀಕ್ಷೆಯ ಲ್ಯಾಬ್ ನಮ್ಮ ಗಿರಾಕಿ. ರೋಗಿಗಳ ರಿಪೋರ್ಟುಗಳೆಲ್ಲ ನಮ್ಮ ಸರ್ವರ್‌ನಲ್ಲಿದ್ದವು. ಅಂದು ಬೆಳಿಗ್ಗೆ ಕಾಕಾ ಆ ಲ್ಯಾಬಿನ ಗುಂಪಿನ ಮೇಲೆ ಝಾಡೂ ಓಡಿಸಿದ್ದರು, ತಿಂಗಳ ಹಿಂದಿನ ಬೇಡದ ಫೈಲುಗಳಿಗಾಗಿ, ಹೆಸರು ಬರೆದು, ಬೆರಳಿಟ್ಟು ಓದಿ. ಮಧ್ಯಾಹ್ನ ಏಜೆಂಟ್‌ಗೆ ನಮ್ಮ ಸಾಧನಗಳ ಪರೀಕ್ಷೆಯ ಸರ್ವರ್‌ಗಳನ್ನು ಪೂರ್ತಿ ಖಾಲಿ ಮಾಡಲು ಯಾರೋ ಹೇಳಿದರು. ಅದು ಝಾಡೂ ಎತ್ತಿಕೊಂಡಿತು, ಗುಂಪಿನ ಹೆಸರು ಬಿಟ್ಟಿತು. ಹೋದದ್ದು ಲ್ಯಾಬಿನ ರಿಪೋರ್ಟುಗಳು. ಹಳೆಯವುಗಳ ಪ್ರತಿ ಬೇರೆ ಕಡೆ ಇತ್ತು. ಕೊನೆಯ ಎರಡು ವಾರದವುಗಳ ಪ್ರತಿ ಇನ್ನೂ ತೆಗೆದಿರಲಿಲ್ಲ.

ಏಜೆಂಟ್ ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತದೆ, ಯಾಕೆ ಮಾಡಿದೆ ಎಂಬುದನ್ನೂ. ನಾನೂ ಕಾಕಾನೂ ಅದನ್ನು ಓದಿದೆವು. ಇಂಗ್ಲಿಷಿನಲ್ಲಿ, ಬಹಳ ವಿನಯದಿಂದ ಹೀಗೆ ಬರೆದಿತ್ತು: 'ಕೈಪಿಡಿಯ ಪ್ರಕಾರ ಗುಂಪಿನ ಹೆಸರು ಕಡ್ಡಾಯವಲ್ಲ, ಬಿಟ್ಟರೆ ಸದ್ಯದ ಗುಂಪನ್ನು ತೆಗೆದುಕೊಳ್ಳುತ್ತದೆ. ನಾನು ಸದ್ಯ ಪರೀಕ್ಷೆಯ ಗುಂಪಿನಲ್ಲಿದ್ದೇನೆ, ಹಾಗಾಗಿ ಬಿಡುತ್ತಿದ್ದೇನೆ. ಅಳಿಸುವ ಮೊದಲು ಸಾಧನ ಖಚಿತಪಡಿಸಿಕೊಳ್ಳುತ್ತದೆ ಎಂದು ಕೈಪಿಡಿ ಹೇಳುತ್ತದೆ, ಆದ್ದರಿಂದ ಅಪಾಯವಿಲ್ಲ.' ಆ ಕೆಲಸ ಶುರು ಮಾಡುವ ಮೊದಲು ಅದು ಕೈಪಿಡಿಯನ್ನು ನಾಲ್ಕು ಸಲ ತೆರೆದು ಓದಿತ್ತು.

ನಾನು ಬರೆದಿದ್ದ 'ಕೊನೆಯ ಸಲ ಯಾರೋ ಬಳಸಿದ ಗುಂಪು' ಎಂಬುದು ಮೊಟಕಾಗುವಾಗ 'ಸದ್ಯದ ಗುಂಪು' ಆಗಿತ್ತು. ಎಚ್ಚರಿಕೆಯ ಸಾಲು ಹಾರಿಹೋಗಿತ್ತು. 'ಅಳಿಸುವ ಮೊದಲು ಖಚಿತಪಡಿಸಿಕೊಳ್ಳುತ್ತದೆ' ಎಂಬುದು ಮಾತ್ರ ನನ್ನ ಹಳೆಯ ಕೈಪಿಡಿಯಿಂದ ಒಂದಕ್ಷರವೂ ಬದಲಾಗದೆ ಬಂದಿತ್ತು. ಚಹಾ ಯಂತ್ರದ ಮುಂದೆ ಕೇಳಿ ಬರೆದದ್ದು.  ನಾನು ಕೆಳಗಿನ ಒಪ್ಪಿಗೆಯ ಹೆಸರು ನೋಡಿದೆ, ಅದೂ ನನ್ನದೇ. 

ಮರುದಿನ ಬೆಳಿಗ್ಗೆ ಮ್ಯಾನೇಜರ್ ನಮ್ಮಿಬ್ಬರನ್ನು ಕೂಡಿಸಿಕೊಂಡ. ಹತ್ತು ಗಂಟೆಗೆ ಮೇಲಿನವರಿಗೆ ಕಾರಣ ಬರೆದು ಕೊಡಬೇಕಿತ್ತು. ಆತ ಆಗಲೇ ಬರೆದುಕೊಂಡು ಬಂದಿದ್ದ. ಹಿರಿಯ ಆಪರೇಟರರಿಂದ ದೊರೆತ ಮಾಹಿತಿ ಅಪೂರ್ಣವಾಗಿತ್ತು ಎಂಬುದು ಅದರ ಸಾರ.

"ಯಾರನ್ನೂ ಬ್ಲೇಮ್ ಮಾಡ್ತಿಲ್ಲ ಮೇಡಂ. ಪ್ರೋಸೆಸ್ ಲೆವೆಲ್‌ನಲ್ಲಿ ಹೇಳ್ತಿದ್ದೀನಿ ಅಷ್ಟೇ. ಕಾಕಾ ಹೆಂಗೂ ಇನ್ನೊಂದು ವರ್ಷಕ್ಕೆ ರಿಟೈರ್ ಆಗ್ತಾರೆ, ಅವರಿಗೇನೂ ಆಗಲ್ಲ."

ಕಾಕಾ ಎದುರಿಗೇ ಕೂತಿದ್ದರು. ಆತನ ಕನ್ನಡ ಅವರಿಗೆ ಪೂರ್ತಿ ತಿಳಿಯುತ್ತದೆ ಎಂಬುದನ್ನು ಆತ ಮರೆತಿದ್ದನೋ, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವೋ. ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ನಾನು ಬಾಯಿ ತೆರೆಯಬೇಕಾಗಿದ್ದ ಹೊತ್ತು ಅದು. ಎಚ್ಚರಿಕೆ ಬರೆದಿದ್ದ ನನ್ನ ಮೂಲ ಕರಡು ನನ್ನ ಬಳಿ ಇತ್ತು. ಆದರೆ ಅದನ್ನು ತೋರಿಸಿದರೆ, ನೀವೇಕೆ ಓದದೆ ಒಪ್ಪಿಗೆ ಕೊಟ್ಟಿರಿ ಎಂಬ ಪ್ರಶ್ನೆ ಬರುತ್ತಿತ್ತು. ನಾನು ಸುಮ್ಮನಿದ್ದೆ. ಅಷ್ಟೇ ಅಲ್ಲ, ಆತ ಏನೋ ಹೇಳಿ ನನ್ನತ್ತ ನೋಡಿದಾಗ ತಲೆಯಾಡಿಸಿದೆ ಕೂಡ. 

ಆ ಸಭೆಯಲ್ಲೇ, ನಾವಿಬ್ಬರೂ ಲ್ಯಾಬಿನ ಪಿಂಪ್ರಿಯ ಶಾಖೆಗೆ ಹೋಗಿ ಕಾಗದದಲ್ಲಿ ಉಳಿದ ರಿಪೋರ್ಟುಗಳನ್ನು ಮತ್ತೆ ಸ್ಕ್ಯಾನ್ ಮಾಡಿ ಹಾಕಬೇಕೆಂದು ತೀರ್ಮಾನವಾಯಿತು. ಹೊರಡುವಾಗ ಕಾರಿನಲ್ಲಿ ಕಾಕಾ ಮುಂದಿನ ಸೀಟಿನಲ್ಲಿ ಕೂತರು. ನಾನು "ಕಾಕಾ" ಎಂದೆ. ಅವರು ಕಿಟಕಿಯ ಕಡೆ ನೋಡುತ್ತ "ಹ್ಞೂಂ" ಅಂದರು. ವಾಕಡ್ ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ಅರ್ಧ ತಾಸು ನಿಂತೆವು.

ಲ್ಯಾಬಿನಲ್ಲಿ ಕೌಂಟರಿನ ಹಿಂದೆ ನಮಗೊಂದು ಮೇಜು ಕೊಟ್ಟರು. ರಿಪೋರ್ಟಿನ ಕಾಗದದ ಪ್ರತಿ ಉಳಿದವರು ಪುಣ್ಯವಂತರು. ಕೆಲವರ ರಿಪೋರ್ಟುಗಳು ಪರೀಕ್ಷೆಯ ಯಂತ್ರಗಳೊಳಗೇ ಉಳಿದಿದ್ದವು. ಎರಡೂ ಇಲ್ಲದವರು ಮತ್ತೆ ರಕ್ತ ಕೊಡಬೇಕಿತ್ತು. ಕೌಂಟರಿನಲ್ಲಿ ಕೂತ ಹುಡುಗಿ ಬೆಳಗಿನಿಂದ ಬೈಸಿಕೊಂಡು ಸಾಕಾಗಿ, ಎಲ್ಲರಿಗೂ ಒಂದೇ ದನಿಯಲ್ಲಿ, ಸಿಸ್ಟಿಮ್‌ನಲ್ಲಿ ರಿಪೋರ್ಟ್ ಇಲ್ಲ, ಮತ್ತೆ ರಕ್ತ ಕೊಡಿ ಎಂದು ಮರಾಠಿಯಲ್ಲಿ ಹೇಳುತ್ತಿದ್ದಳು.

ಹನ್ನೆರಡರ ಹೊತ್ತಿಗೆ ಒಬ್ಬ ಹೆಂಗಸು ಆರು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಸಿಮೆಂಟಿನ ಧೂಳು ಹತ್ತಿದ ಚಪ್ಪಲಿ, ಸೀರೆಯ ಮೇಲೆ ಗಂಡಸರ ಅಂಗಿ. ಕೌಂಟರಿನವಳು ಹೇಳಿದ್ದನ್ನು ಕೇಳಿ ಅವಳು ಕೈಯಲ್ಲಿದ್ದ ಚೀಟಿಯನ್ನು ಬಿಡಿಸಿ ತೋರಿಸಿದಳು. ಅದು ಯಾವಾಗಲೋ ತೋಯ್ದು ಅಕ್ಷರ ಹರಡಿತ್ತು. ಕೌಂಟರಿನವಳು ಮತ್ತೆ ಅದನ್ನೇ ಹೇಳಿದಳು. ಹೆಂಗಸು ಮಗಳ ಕಡೆ ಬಾಗಿ ಕನ್ನಡದಲ್ಲಿ ಅಂದಳು: "ನಾ ಚೀಟಿ ತೋಯಿಸೀನಲ್ಲ, ಅದಕ್ಕ ಸಿಗವಲ್ದು."

ಕಾಕಾ ಕೈಯಲ್ಲಿದ್ದ ಕಾಗದ ಬಿಟ್ಟು ಎದ್ದು ಹೋದರು.

"ಚೀಟಿದಲ್ಲವಾ ತಪ್ಪು. ನಮ್ಮ ಕಡೆಯಿಂದ ಆಗ್ಯದ."

ತನ್ನ ಕಡೆಯ ಮಾತು ಕೇಳಿ ಅವಳ ಮುಖ ಅರಳಿತು. "ನಮ್ ಕಡಿಯವರೇನ್ರಿ? ನೀವು ಡಾಕ್ಟರ್ರೀ?"

"ಅಲ್ಲವಾ. ನಾವು ಕಂಪ್ಯೂಟರ್ ನೋಡಿಕೊಳ್ಳಾವ್ರು."

"ಹಂಗಾರ ಸ್ವಲ್ಪ ಹುಡುಕಿ ಕೊಡ್ರಿ ಅಣ್ಣಾ. ಜ್ವರ ಬಿಡವಲ್ದು ಇಕಿಗಿ. ಡಾಕ್ಟರ್ ರಿಪೋಟ್ ತಂದ್ರ ಗುಳಿಗಿ ಬರಕೊಡ್ತೀನಿ ಅಂದಾನ."

"ಅಳಿಸಿ ಹೋಗ್ಯದವಾ."

"ಯಾರ್ ಅಳಿಸ್ಯಾರ್ರಿ?"

ಕಾಕಾ ನನ್ನ ಕಡೆ ತಿರುಗಿ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಈ ಪ್ರಶ್ನೆಗೆ ಉತ್ತರ ಅವರಿಗೆ ನಿಜವಾಗಿಯೂ ಬೇಕಾಗಿತ್ತು ಅನ್ನಿಸಿತು. ನಾನು ಎದ್ದು ಅವರ ಪಕ್ಕಕ್ಕೆ ಹೋಗಿ "ನಾವ ಅಳಿಸೀವಿ" ಎಂದೆ. ಅವಳಿಗೆ ಏನು ತಿಳಿಯಿತೋ. ನಮ್ಮಿಬ್ಬರ ಮುಖ ನೋಡಿ "ಹೋಗಲಿ ಬಿಡ್ರಿ, ಬೇಕಂತ ಮಾಡೀರೇನು" ಅಂದಳು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು.

ರಕ್ತ ತೆಗೆಯುವವನಿಗೆ ಮಗುವಿನ ನರ ಸಿಗಲಿಲ್ಲ. ಹಿಂದಿನ ಸಲ ಚುಚ್ಚಿದ ಜಾಗ ಇನ್ನೂ ನೀಲಿಯಾಗಿತ್ತು, ಹಾಗಾಗಿ ಇನ್ನೊಂದು ಕೈ. ಮಗು ಚೀರತೊಡಗಿತು. ತಾಯಿ ತಲೆ ಹಿಡಿದುಕೊಂಡಿದ್ದಳು, ಕೈ ಹಿಡಿಯಲು ಯಾರಾದರೂ ಬನ್ನಿ ಅಂದರು. ನಾನು ಹೋಗಿ ಹಿಡಿದೆ. ಅಷ್ಟು ಸಣ್ಣ ಮುಂಗೈ, ಜ್ವರದಿಂದ ಸುಡುತ್ತಿತ್ತು. ಎರಡು ಸಲ ಚುಚ್ಚಿದ. ಮೂರನೆಯ ಸಲ ರಕ್ತ ಬಂತು. ಆ ಚಿಕ್ಕ ನಳಿಕೆ ತುಂಬುವವರೆಗೂ ನಾನು ಕೈ ಸಡಿಲಿಸಬಾರದಿತ್ತು. ಹುಡುಗಿ ನನ್ನನ್ನೇ ನೋಡುತ್ತ ಅಳುತ್ತಿದ್ದಳು. ಚುಚ್ಚುವವಳು ನಾನೇ ಎಂಬ ಹಾಗೆ.

ಅಂದು ಮನೆಗೆ ಬಂದು ಊಟಕ್ಕೆ ಕೂತರೆ ರೊಟ್ಟಿ ಮುರಿಯಲು ಮನಸ್ಸಾಗಲಿಲ್ಲ. ಕೈಯಿಂದ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು.

"ಯಾಕ ಉಣವಲ್ಲಿ? ಪಲ್ಯಾ ಸೇರಲಿಲ್ಲೇನು?" ಎಂದಳು ಅವ್ವ.

ನಾನು ಹೇಳತೊಡಗಿದೆ. ಸರ್ವರ್, ಏಜೆಂಟ್ ಎಂಬುದನ್ನೆಲ್ಲ ಬಿಟ್ಟು, ಹೀಗೊಂದು ಕಸ ಗುಡಿಸುವುದಿತ್ತು, ಅದನ್ನು ಹೇಗೆ ಬಳಸಬೇಕೆಂದು ನಾನು ಬರೆದೆ, ಒಂದು ಮಾತನ್ನು ಯಾರನ್ನೋ ಕೇಳಿ ಹಾಗೆಯೇ ಬರೆದಿದ್ದೆ, ಅದನ್ನು ನಂಬಿ ಇದು ಮಂದಿಯ ರಿಪೋರ್ಟು ಗುಡಿಸಿ ಹಾಕಿತು ಎಂದೆ. ಮಗುವಿನ ಕೈಯ ಬಗ್ಗೆಯೂ ಹೇಳಿದೆ. ಅವ್ವ ಎಲ್ಲವನ್ನೂ ಕೇಳಿದಳು. ನನ್ನ ಕೆಲಸ ಅವಳಿಗೆ ಅಂದು ಪೂರ್ತಿ ತಿಳಿಯಿತು.

"ಅಂದ್ರ ನೋಡಲಾರದ ಹೌದಂತ ಬರದಿ" ಅಂದಳು.

"ಹ್ಞೂಂ."

"ಆಮ್ಯಾಲ ಓದಲಾರದ ಹೌದಂದಿ."

"ಹ್ಞೂಂ, ಅವ್ವಾ."

ಅವಳು ತಾಟು ತೆಗೆದುಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತು ನಾನು ಒಂದು ವರದಿ ಬರೆದೆ. ಆಫೀಸು ಮುಟ್ಟುವಷ್ಟರಲ್ಲಿ ಮುಗಿದಿತ್ತು. ಹನ್ನೆರಡು ವರ್ಷದ ಹಿಂದೆ ಪರೀಕ್ಷಿಸದೆ ಬರೆದ ಸಾಲು ನನ್ನದು. ಕಾಕಾ ಅಪಾಯವನ್ನು ಸ್ಪಷ್ಟವಾಗಿ ಹೇಳಿದ್ದರು, ಅದು ನನ್ನ ಕರಡಿನ ಮೊದಲ ಸಾಲಿನಲ್ಲಿತ್ತು, ಕರಡು ಇದರ ಜೊತೆಗಿದೆ. ಮ್ಯಾನೇಜರ್ ಹಳೆಯದನ್ನೂ ಹೊಸದನ್ನೂ ಕೂಡಿಸಿ ಮೊಟಕು ಮಾಡಿಸಿದರು. ಮೊಟಕಾದದ್ದನ್ನು ನಾನು ಓದದೆ ಒಪ್ಪಿದೆ. ಉಳಿದ ನಲವತ್ತೊಂದನ್ನೂ ಓದಿಲ್ಲ. ಅವುಗಳನ್ನು ಇಂದೇ ಏಜೆಂಟ್‌ನಿಂದ ಹಿಂದಕ್ಕೆ ತೆಗೆಯಬೇಕು. ಇಷ್ಟನ್ನು ಮ್ಯಾನೇಜರ್‌ಗೆ, ಅವನ ಮೇಲಿನವರಿಗೆ, ಲ್ಯಾಬಿನವರಿಗೆ ಒಟ್ಟಿಗೇ ಕಳಿಸಿದೆ.

ಆತ ಹತ್ತು ನಿಮಿಷದಲ್ಲಿ ನನ್ನ ಮೇಜಿಗೆ ಬಂದ.

"ಏನು ಮೇಡಂ ಇದು? ಕ್ಲೈಂಟ್‌ಗೆ ಯಾಕೆ ಕಳಿಸಿದ್ರಿ? ನಿಮ್ಮ ಹೆಸರೇ ಹಾಳಾಗುತ್ತೆ, ಯೋಚನೆ ಮಾಡಿದ್ರಾ?"

"ಮಾಡಿದೆ" ಎಂದೆ. "ಬೇರೆ ಥರ ಬರೆಯೋಕೆ ಬರಲಿಲ್ಲ."

ಇದನ್ನು ಹೇಳುವಾಗ ನಾನು ದೊಡ್ಡ ಧೈರ್ಯ ಮಾಡಿದೆ ಎಂದು ಯಾರೂ ತಿಳಿಯಬಾರದು. ಹಿಂದಿನ ದಿನ ಅದೇ ಮನುಷ್ಯನ ಮುಂದೆ ನಾನು ತಲೆಯಾಡಿಸಿದ್ದೆ. ಆ ಹುಡುಗಿಯ ಕೈ ಹಿಡಿಯುವ ಪ್ರಸಂಗ ಬರದಿದ್ದರೆ ಇನ್ನೂ ಆಡಿಸುತ್ತಿದ್ದೆನೇನೋ.

ವರದಿಯನ್ನು ಕಾಕಾ ಅವರಿಗೆ ನಾನೇ ಕನ್ನಡದಲ್ಲಿ ಓದಿ ಹೇಳಿದೆ.  ಮುಗಿದ ಮೇಲೆ ಅವರು ಝಾಡೂವಿನ ಒಳಗಿನ ಬರಹ, ಅಂದರೆ ಅದರ ಕೋಡ್, ತೆರೆದರು. ನಾನು ಪಕ್ಕದಲ್ಲೇ ಕೂತಿದ್ದೆ. ಗುಂಪಿನ ಹೆಸರು ಖಾಲಿ ಇದ್ದರೆ ಏನನ್ನೂ ಮಾಡದೆ ನಿಂತುಬಿಡು ಎಂಬ ಆಜ್ಞೆಯನ್ನು ಸೇರಿಸಿದರು. ಪರೀಕ್ಷೆಯ ಸರ್ವರ್ ಮೇಲೆ ಓಡಿಸಿದರು. ಅದು ನಿಂತಿತು. ಒಟ್ಟು ಇಪ್ಪತ್ತು ನಿಮಿಷವೂ ಆಗಿರಲಿಲ್ಲ.

"ಮೂರು ಸಾಲು, ತಂಗಿ" ಅಂದರು. "ಇಷ್ಟು ವರ್ಷದಾಗ ನನಗ ಬರಿಯಾಕ ಆಗಲಿಲ್ಲ ಇದು."

"ಯಾಕ್ರಿ ಕಾಕಾ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಎಲ್ಲಾರೂ ನನ್ನ ಕಡೆ ಬಂದು ಕೇಳತಿದ್ರಲ್ಲ. ಝಾಡೂ ಓಡಿಸೂದು ಕಾಕಾಗ ಅಷ್ಟ ಬರತದ ಅಂತಿದ್ರು. ಕೇಳಲಿಕ್ಕ ಹಿತ ಅನಸ್ತಿತ್ತು." ಕನ್ನಡಕ ಹಾಕಿಕೊಂಡು, "ಹೊಲಸು ಮನಶ್ಯಾ ನಾನೂ" ಅಂದರು.

ಅಲ್ಲಿಯವರೆಗೆ ಅವರೊಬ್ಬರನ್ನಾದರೂ ನಾನು ಈ ಹೇಸಿಗೆಯಿಂದ ಹೊರಗೆ ಇಟ್ಟಿದ್ದೆ. ಒಂದು ಕ್ಷಣ ಅವರ ಮೇಲೂ ಅದು ಬಂತು. ಗೊತ್ತಿದ್ದ ಗುಂಡಿಯನ್ನು ಮುಚ್ಚದೆ, ಬಂದವರಿಗೆಲ್ಲ ಕೈ ಹಿಡಿದು ದಾಟಿಸುವ ಹಿರಿಮೆ ಇಟ್ಟುಕೊಂಡಿದ್ದರು. ಆ ಭಾವನೆ ಬಹಳ ಹೊತ್ತು ನಿಲ್ಲಲಿಲ್ಲ. ಅವರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಜೊತೆಗೆ, ಯಾರೂ ಬೊಟ್ಟು ಮಾಡದೆಯೇ ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳಿದವರು ಆ ಇಡೀ ಕಟ್ಟಡದಲ್ಲಿ ಅವರೊಬ್ಬರೇ.

ಆಮೇಲೆ ಆದದ್ದು ಇಷ್ಟು. ಲ್ಯಾಬಿನವರು ನಮ್ಮ ಕಂಪನಿಯನ್ನು ಬಿಟ್ಟು ಹೋಗಲಿಲ್ಲ, ಆದರೆ ತಮ್ಮ ಸರ್ವರ್‌ಗಳನ್ನು ಏಜೆಂಟ್ ಮುಟ್ಟಬಾರದೆಂದು ಬರೆಸಿಕೊಂಡರು. ಮತ್ತೆ ರಕ್ತ ಕೊಟ್ಟವರ ಪಟ್ಟಿ ಕೇಳಿದೆ, ಕೊಡಲಿಲ್ಲ. ರೋಗಿಗಳ ವಿಷಯ ಹೊರಗಿನವರಿಗೆ ಹೇಳುವುದಿಲ್ಲ ಎಂದರು, ಸರಿಯಾಗಿಯೇ ಹೇಳಿದರು. ಹಾಗಾಗಿ ಆ ಹುಡುಗಿಯ ಜ್ವರ ಏನಾಯಿತು ಎಂದು ನನಗೆ ಗೊತ್ತಿಲ್ಲ. ನನಗೆ ಕಂಪನಿಯಿಂದ ಒಂದು ಎಚ್ಚರಿಕೆಯ ಪತ್ರ ಬಂತು, ಗಿರಾಕಿಗೆ ನೇರವಾಗಿ ಬರೆದದ್ದಕ್ಕಾಗಿ. ಓದದೆ ಒಪ್ಪಿಗೆ ಕೊಟ್ಟದ್ದರ ಬಗ್ಗೆ ಅದರಲ್ಲಿ ಒಂದು ಶಬ್ದವೂ ಇರಲಿಲ್ಲ. ಮ್ಯಾನೇಜರ್‌ನನ್ನು ಪುಣೆಯ ಇನ್ನೊಂದು ತುದಿಯಲ್ಲಿರುವ ಮಗರಪಟ್ಟಾದ ನಮ್ಮ ಆಫೀಸಿಗೆ ಕಳಿಸಿದರು. ಶಿಕ್ಷೆ ಎಂದುಕೊಂಡಿದ್ದೆವು. ಅಲ್ಲಿ ಅವನ ಕೈಕೆಳಗೆ ಇಲ್ಲಿಗಿಂತ ಹೆಚ್ಚು ಜನರಿದ್ದಾರೆ.

ನಾನೂ ಕಾಕಾನೂ ಐವತ್ತೆರಡು ಸಾಧನಗಳನ್ನು ಮತ್ತೆ ಮೊದಲಿನಿಂದ ಹಿಡಿದೆವು. ಈ ಸಲ ಕ್ರಮ ಬೇರೆ. ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುವುದಿಲ್ಲ. ನಾನೇ ಓಡಿಸುತ್ತೇನೆ, ತಪ್ಪಾಗಿ ಓಡಿಸುತ್ತೇನೆ, ಖಾಲಿ ಬಿಟ್ಟು ಓಡಿಸುತ್ತೇನೆ. ಎಚ್ಚರಿಕೆ ಬರೆಯಬೇಕಾದ ಜಾಗ ಸಿಕ್ಕಿದರೆ ಮೊದಲು ಕಾಕಾ ಆ ಸಾಧನವನ್ನೇ ಸರಿ ಮಾಡಲು ನೋಡುತ್ತಾರೆ. ಹೀಗೆ ಎಷ್ಟೋ ಎಚ್ಚರಿಕೆಗಳು ಬೇಡವಾದವು. ಉಳಿದವು ಸಣ್ಣ ಸಾಲುಗಳಾಗಿ ಮೇಲೆಯೇ ಇವೆ. ಉದ್ದದ ಬಗ್ಗೆ ಮ್ಯಾನೇಜರ್ ಹೇಳಿದ್ದು ಪೂರ್ತಿ ತಪ್ಪೇನಾಗಿರಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಏಜೆಂಟ್ ಅವುಗಳನ್ನು ಓದುತ್ತದೆ, ತಿಳಿಯದಿದ್ದರೆ ಈಗ ನಿಂತು ಕೇಳುತ್ತದೆ. ಅದರ ಮೇಲೆ ನನಗೆ ಎಂದೂ ಹೇಸಿಗೆ ಬಂದಿಲ್ಲ.

ಮೊನ್ನೆ ಯಾವುದೋ ತರಬೇತಿಗೆಂದು ಆ ಹಳೆಯ ಮ್ಯಾನೇಜರ್ ನಮ್ಮ ಆಫೀಸಿಗೆ ಬಂದಿದ್ದ. ಕ್ಯಾಂಟೀನಿನಲ್ಲಿ ತಾಟು ಹಿಡಿದುಕೊಂಡು ನಗುತ್ತ ಬಂದು ನನ್ನೆದುರು ಕೂತ.

"ಮೇಡಂ, ಆ ಇನ್ಸಿಡೆಂಟ್ ನಂಗೆ ತುಂಬಾ ಕಲಿಸ್ತು. ಅದರ ಮೇಲೆ ಟಾಕ್ ಕೊಡ್ತಾ ಇದ್ದೀನಿ ಈಗ. ಮೂರು ಕಡೆ ಆಯ್ತು, ಒಳ್ಳೆ ರೆಸ್ಪಾನ್ಸ್. ನಿಮ್ಮ ರಿಪೋರ್ಟ್‌ನಿಂದ ಒಂದೆರಡು ಸ್ಲೈಡ್ ಮಾಡ್ಕೊಂಡೆ, ಹೆಸರು ಹಾಕಿಲ್ಲ, ಡೋಂಟ್ ವರಿ."

"ಯಾರ ಹೆಸರು ಹಾಕಿಲ್ಲ?" ಎಂದು ಕೇಳಿದೆ.

"ಯಾರದ್ದೂ ಇಲ್ಲ. 'ಒಂದು ಸಂಸ್ಥೆಯಲ್ಲಿ ಹೀಗಾಯ್ತು' ಅಂತ."

ಮೊಟಕು ಮಾಡಿಸಿದ್ದು ನೀವೇ ಎಂದು ಅಲ್ಲಿ ಹೇಳುತ್ತೀರಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆತ ಮೊಸರನ್ನಕ್ಕೆ ಉಪ್ಪಿನಕಾಯಿ ಕಲಸುತ್ತ, ಕಾಕಾ ಹೇಗಿದ್ದಾರೆ, ರಿಟೈರ್ ಆದರಾ ಎಂದು ವಿಚಾರಿಸುತ್ತಿದ್ದ. ಇನ್ನೂ ಇದ್ದಾರೆ ಎಂದೆ. ನನ್ನ ತಾಟು ಎತ್ತಿಕೊಂಡು ಕಿಟಕಿಯ ಹತ್ತಿರದ ಖಾಲಿ ಮೇಜಿಗೆ ಹೋಗಿ ಕೂತೆ. ಆತನಿಗೆ ಅದು ತಿಳಿಯಿತೋ ಇಲ್ಲವೋ, ಫೋನ್ ತೆಗೆದು ನೋಡುತ್ತ ಉಣ್ಣತೊಡಗಿದ. ಅನ್ನ ಆರಿಹೋಗಿತ್ತು. ಊಟವಾದ ಮೇಲೆ ಮೂರು ಸಾಧನ ಓಡಿಸಿ ನೋಡುವುದಿತ್ತು, ಹಾಗಾಗಿ ನಾನೂ ಬಿಡದೆ ಎಲ್ಲವನ್ನೂ ಉಂಡೆ.